ಸಕ್ರವ್ವನ ಕಿರುಬೆರಳು

ಸಕ್ರವ್ವ ಹುನಗುಂದದ ಕಚೇರಿಯೊಂದರಲ್ಲಿ ದಿನಗೂಲಿಯ ಮೇಲೆ ಲಕೋಟೆ ಅಂಟಿಸುತ್ತಿದ್ದಳು. ಅಲ್ಲಿ ಟೈಪಿಸ್ಟರ ಕುರ್ಚಿ ಖಾಲಿಯಿತ್ತು. 1983ರ ಕನ್ನಡ ಬೆರಳಚ್ಚು ಪರೀಕ್ಷೆ ಪಾಸಾದರೆ ಅದು ಅವಳದು, ಇಲ್ಲದಿದ್ದರೆ ಬೇರೆಯವರದು.

ಪರೀಕ್ಷೆ ಬಾಗಲಕೋಟೆಯಲ್ಲಿ, ಯಂತ್ರವನ್ನು ಅವರವರೇ ತರಬೇಕು. ಇಳಕಲ್ಲಿನಲ್ಲಿ ಅವಳಿಗೆ ಟೈಪಿಂಗ್ ಕಲಿಸಿದ ಅಹ್ಮದಸಾಬರು, ಅವಳು ಕಲಿತ ಯಂತ್ರವನ್ನೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದರು.

ಗಂಟೆ ಹೊಡೆಯುವ ಮುಂಚೆ ಸಕ್ರವ್ವ ಒಂದು ಸಾಲು ಹೊಡೆದು ನೋಡಿದಳು. ಒತ್ತಕ್ಷರ ಬಂದಲ್ಲೆಲ್ಲ ಮುಂದಿನ ಅಕ್ಷರ ಹಿಂದಿನದರ ಮೈಮೇಲೆ ಬಿದ್ದಿತ್ತು.

"ಸಾಬರ, ಮಶೀನ್ ಕೆಟ್ಟೈತ್ರಿ!"

"ಕೆಟ್ಟಿಲ್ಲ ಬಿಡವಾ," ಎಂದರು ಬಾಗಿಲಲ್ಲಿದ್ದ ಅಹ್ಮದಸಾಬರು. "ನಿನ್ನ ಪರೀಕ್ಷಾ ಅಂತ ನಿನ್ನೆ ಕುಂತು ರಿಪೇರಿ ಮಾಡೇನಿ."

ಒತ್ತಕ್ಷರದ ಕೀಲಿ ಹೊಡೆದಾಗ ಕಾಗದ ಇದ್ದಲ್ಲೇ ನಿಲ್ಲಬೇಕು. ರಿಪೇರಿಗೆ ಮುಂಚೆ ಈ ಯಂತ್ರದಲ್ಲಿ ಅದು ಒಂದು ಅಕ್ಷರದಷ್ಟು ಮುಂದೆ ಜಿಗಿಯುತ್ತಿತ್ತು. ಹಾಗಾಗಿ ಪ್ರತಿ ಒತ್ತಕ್ಷರದ ನಂತರ ಕಿರುಬೆರಳಿನಿಂದ ಬ್ಯಾಕ್‌ಸ್ಪೇಸ್ ಒತ್ತಿ ಕಾಗದವನ್ನು ಹಿಂದಕ್ಕೆ ತರುವುದು ಸಕ್ರವ್ವನಿಗೆ ರೂಢಿಯಾಗಿತ್ತು. ಈಗ ಜಿಗಿತ ನಿಂತಿತ್ತು, ಬೆರಳು ನಿಂತಿರಲಿಲ್ಲ.

"ಒಂದು ಮಾತು ಕೇಳಬಾರದೇನ್ರಿ? ರಿಪೇರಿ ಮಾಡಿ ನನ್ನ ಕೊಂದ್ರಿ!"

"ಛಲೋ ಮಾಡಾಕ ಕೇಳೂದೇನೈತಿ ಅನ್ಕೊಂಡೆ." ಅವರ ಮುಖ ಸಣ್ಣದಾಯಿತು. "ಬ್ಯಾಕ್‌ಸ್ಪೇಸ್ ಒತ್ತಬ್ಯಾಡ, ಅಷ್ಟ."

"ನಾ ಎಲ್ಲಿ ಒತ್ತೇನ್ರಿ? ಬೆರಳ ಒತ್ತತೈತಿ."

ಇನ್ನೊಂದು ಸಾಲು ಹೊಡೆದಳು. ಮತ್ತೆ ಅದೇ. ಪರೀಕ್ಷೆಯ ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. "ಮಾತು ಸಾಕ್ರಿ. ಹೊರಗಿನವರು ಹೊರಗ ನಡೀರಿ."

ಅಹ್ಮದಸಾಬರು ಹೋದರು. ಸಕ್ರವ್ವ ಕೈ ಮಡಿಲಿಗೆ ಎಳೆದುಕೊಂಡಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ಚುಚ್ಚಿತು. ಅದನ್ನು ಬಿಚ್ಚಿ, ಮಡಚಿ, ಬ್ಯಾಕ್‌ಸ್ಪೇಸ್ ಕೀಲಿಯ ಅಡಿಗೆ ತುರುಕಿದಳು. ಒತ್ತಿದಳು. ಕೀಲಿ ಕೆಳಗಿಳಿಯಲಿಲ್ಲ. ಇನ್ನು ತಪ್ಪಾದರೂ ಹಿಂದೆ ಹೋಗಿ ತಿದ್ದುವ ಹಾಗಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಕಿರುಬೆರಳು ಒತ್ತಕ್ಷರಕ್ಕೊಮ್ಮೆ ಓಡಿಹೋಗಿ ಗಟ್ಟಿ ಕೀಲಿಗೆ ಬಡಿದು ಮರಳುತ್ತಿತ್ತು. ಬಡಿದಾಗಲೆಲ್ಲ ಅವಳಿಗೆ ಒಂದೇ ಭಯ, ಪಿನ್ನು ಜಾರಿದರೆ? ಜಾರಲಿಲ್ಲ. ಕೊನೆಯ ಸಾಲು ಮುಗಿದಾಗ ಬೆರಳ ತುದಿ ಕೆಂಪಗಾಗಿತ್ತು.

ಹೊರಗೆ ಅಹ್ಮದಸಾಬರು ಚಹಾ ಸಹ ಕುಡಿಯದೆ ಕಾದಿದ್ದರು. "ಮೊದಲಿನಂಗ ಕೆಡಿಸಿಕೊಡ್ಲೇನವಾ?" ಎಂದು ಮೆಲ್ಲಗೆ ಕೇಳಿದರು. ಬೆಳಗಿನಿಂದ ಮೊದಲ ಸಲ ಸಕ್ರವ್ವ ನಕ್ಕಳು.

ಬೇಕಾದಷ್ಟೇ ಅಂಕ ಬಂದು ಪಾಸಾದಳು, ಟೈಪಿಸ್ಟರ ಕುರ್ಚಿ ಅವಳದಾಯಿತು. ಕಚೇರಿಯ ಯಂತ್ರ ಹೊಸದು, ಯಾವ ದೋಷವೂ ಇರಲಿಲ್ಲ. ಮೊದಲ ದಿನ ಅದರ ಹೊದಿಕೆ ತೆಗೆದವಳೇ ಬಳೆಯಿಂದ ಪಿನ್ನು ಬಿಚ್ಚಿದಳು.