ಅರಿಶಿನ ಕುಡಿದ ಇಟಲಿಯ ಎತ್ತು

ಆ ಎರಡು ಎತ್ತುಗಳಿಗೆ ನಾನು ಕೊಟ್ಟದ್ದು ನೂರೈವತ್ತು ರೂಪಾಯಿ. ಅದರಲ್ಲಿ ಎಂಬತ್ತು ಎತ್ತಿನ ಬೆಲೆ, ಎಪ್ಪತ್ತು ಅರಿಶಿನದ ಬೆಲೆ. ಜೀವಮಾನವೆಲ್ಲ ಪಾತ್ರೆ ವ್ಯಾಪಾರ ಮಾಡಿದವನು ನಾನು. ಎದುರಿನವರು ಹೇಳಿದಷ್ಟನ್ನು ಒಂದು ಕಾಸೂ ಇಳಿಸದೆ ಎಣಿಸಿಕೊಟ್ಟದ್ದು ಅದೊಂದೇ ಸಲ. ಯಾಕೆ ಕೊಟ್ಟೆ ಅಂತ ತಿಳಿದರೆ ನಿಮಗಾದರೂ ನಾಲ್ಕು ಕಾಸು ಉಳಿದೀತು.

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ಹಳೆಯ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ತೆಗೆದುಕೊಳ್ಳುವ ಹುಚ್ಚು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮನೆಮನೆಗೂ ಹಿಡಿದಿತ್ತು. ನಾನು ಪಾತ್ರೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ಬಸ್ಸಿನಲ್ಲಿ ತಿರುಗುತ್ತಿದ್ದೆ. ಶಿಗ್ಗಾಂವದ ಒಬ್ಬ ಗುತ್ತಿಗೆದಾರರ ಮನೆಯಲ್ಲಿ ಊಟದ ಡಬ್ಬಿಯೊಂದಕ್ಕೆ ಬದಲಾಗಿ ಹಸಿರು ಪಿಂಗಾಣಿಯ ಬೆಕ್ಕು ಸಿಕ್ಕಿತು. ಬುಡ ತಿರುವಿ ನೋಡಿದರೆ ಕುಂಚದಿಂದ ಕೈಯಲ್ಲಿ ಬರೆದ ಅಕ್ಷರ, ಒಂದು ಅಂಕಿ. ಓದಿದವರಿಗೆ ತೋರಿಸಿದೆ, 'ಇಟಲಿ' ಅಂದರು. ಮಾರಲೆಂದೇ ತಂದವನು ಮಾರಲಿಲ್ಲ. ಬೆಲೆ ಕೇಳಿ ಮುಖ ತಿರುವಿ ಕೂರುವ ಗಿರಾಕಿಯ ಬಿಗುವು ಆ ಬೆಕ್ಕಿನ ಮೋರೆಯಲ್ಲಿತ್ತು, ಅದು ನನಗೆ ಹಿಡಿಸಿತು. ಅದರ ಹಿಂದೆ ಒಂದು ಕತ್ತೆ ಬಂತು, ಒಂದು ಹುಂಜ ಬಂತು. ಹಾನಗಲ್ಲಿನ ನಮ್ಮ ಪಡಸಾಲೆಯ ಗೋಡೆಯಲ್ಲಿ ನಾಲ್ಕು ಗೂಡುಗಳಿದ್ದವು. ಒಳಗೆ ನೀಲಿ ಸುಣ್ಣ ಬಳಿದು, ಗೂಡಿಗೆ ಒಂದರಂತೆ ಇಟ್ಟೆ. ನಾಲ್ಕನೆಯ ಗೂಡು ದೊಡ್ಡದು, ಖಾಲಿ ಉಳಿಯಿತು. ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ.

ಅದಕ್ಕೆ ತಕ್ಕದ್ದು ಸವಣೂರಿನಲ್ಲಿತ್ತು. ಅಲ್ಲಿಯ ಒಂದು ಓಣಿಯಲ್ಲಿ ಹಿರಿಯ ಮುಸ್ಲಿಂ ಹೆಣ್ಣುಮಗಳೊಬ್ಬರ ಮನೆ. ಓಣಿಯೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು, ನಾನೂ ಅಂದೆ. ತೀರಿಕೊಂಡ ಅವರ ಯಜಮಾನರು ಮುಂಬೈಯಿಂದ ಹೊರಡುವ ಹಡಗಿನಲ್ಲಿ ಅಡಿಗೆ ಕೆಲಸ ಮಾಡಿದವರು. ಇಟಲಿಯ ಬಂದರಿನಿಂದ ಕಂಬಳಿಯಲ್ಲಿ ಸುತ್ತಿ ತಂದ ಎರಡು ಪಿಂಗಾಣಿ ಎತ್ತು ಗೋಡೆಯ ಗೂಡಿನಲ್ಲಿದ್ದವು. ಗೇಣುದ್ದ, ಹಾಲಿನ ಕೆನೆಯ ಮೈ, ಹೆಗಲ ಮೇಲೆ ನೀಲಿ ಪಟ್ಟಿ, ಮೋಟು ಕಾಲು, ಮುಷ್ಟಿಯಲ್ಲಿ ಮುಚ್ಚುವಷ್ಟೇ ತಲೆ. ಎರಡೂ ಗೋಡೆಗೆ ಮುಖ ಮಾಡಿ ನಿಂತಿದ್ದವು.

"ಯಾಕ್ರಿ ಖಾಲಾ, ಎತ್ತು ಸಿಟ್ಟಾಗ್ಯಾವೇನು?"

"ನಮಾಜಿನ ಹೊತ್ತಿಗೆ ಮೂರ್ತಿ ಎದುರಿಗೆ ಇರಬಾರದು, ಮಾರಿ ತಿರುವಿ ಇಡ್ತೇನಿ. ದಿನಕ್ಕ ಐದ ಸಲ ತಿರುವಿ ತಿರುವಿ ಕೈ ಸೋತಾವ. ಅದಕ್ಕ ಕೊಡಾಕತ್ತೇನಿ. ಎರಡಕ್ಕ ನೂರೈವತ್ತು. ಜೋಡಿ ಬಿಡಸೂದಿಲ್ಲ."

ನಾನು ಒಂದನ್ನೆತ್ತಿ ಬೆಳಕಿಗೆ ಹಿಡಿದೆ. "ಮೈ ತುಂಬ ಕೂದಲ ಬಿರುಕು ಅದಾವ್ರಿ. ಬಣ್ಣಾನೂ ಹಳದಿಗೆ ತಿರಗೈತಿ."

ಬಿರುಕು ನಿಜ. ಅಂಥ ಪಿಂಗಾಣಿಯ ಹೊಳಪಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು ಇದ್ದೇ ಇರುತ್ತವೆ, ಅದು ದೋಷವಲ್ಲ ಅಂತ ನನಗೆ ಗೊತ್ತಿತ್ತು. ಹಳದಿ ಮಾತ್ರ ಶುದ್ಧ ಸುಳ್ಳು.

"ನಿನ್ನ ಕಣ್ಣಿಗೆ ಕಾಮಣಿ ಆಗೈತಿ ಸಾವಕಾರ, ಎಲ್ಲಾ ಹಳದಿ ಕಾಣತೈತಿ. ಮೊದ್ಲ ಔಷಧಿ ತಗೋ, ಆಮ್ಯಾಲೆ ಎತ್ತು ತಗೊಳ್ಳುವಂತಿ."

ನಾನು ಎಂಬತ್ತಕ್ಕೆ ನಿಂತೆ, ಅವರು ನೂರೈವತ್ತಕ್ಕೆ. ಕೊನೆಗೆ ನನ್ನ ಹಳೆಯ ಆಯುಧ ತೆಗೆದೆ. "ಅವ್ವನ್ನ ಕೇಳಿ ಹೇಳ್ತೇನ್ರಿ. ಅಕಿ ಹೂಂ ಅನ್ನದ ನಮ್ಮ ಮನ್ಯಾಗ ಏನೂ ಬರೂದಿಲ್ಲ." ಇದರಂಥ ಆಯುಧ ಇನ್ನೊಂದಿಲ್ಲ. ಎದುರಿಗಿಲ್ಲದವರ ಜೊತೆ ಯಾರು ವಾದಿಸುತ್ತಾರೆ? ಅಸಲಿಗೆ ನನ್ನ ಅವ್ವ ನನ್ನ ವ್ಯಾಪಾರದಲ್ಲಿ ಒಂದು ದಿನವೂ ಬಾಯಿ ಹಾಕಿದವಳಲ್ಲ.

ಖಾಲಾ ನನ್ನನ್ನೇ ನೋಡಿದರು. "ಹಂಗಾರ ಒಂದನ್ನ ಒಯ್ದು ತೋರಸು. ಮುಂದಿನ ಸಂತಿಗೆ ಇದ ಗೂಡಿನ್ಯಾಗ ಇರಬೇಕು, ಒಯ್ದಂಗ. ಒಂದ ಗೀರು ಹೆಚ್ಚಾತು ಅಂದ್ರ ಈ ಓಣ್ಯಾಗ ನಿನ್ನ ಗಂಟು ಬಿಚ್ಚಬ್ಯಾಡ."

ಅಂಗಡಿಯಿಲ್ಲದ ವ್ಯಾಪಾರಿಗೆ ಮಾತೇ ಅಂಗಡಿ. ಒಂದು ಮನೆಯ ಬಾಗಿಲು ಮುಚ್ಚಿದರೆ ಓಣಿ ಮುಚ್ಚುತ್ತದೆ, ಓಣಿ ಮುಚ್ಚಿದರೆ ಸುದ್ದಿ ನನಗಿಂತ ಮೊದಲು ಬಂಕಾಪುರ ಮುಟ್ಟುತ್ತದೆ. ಆ ಎತ್ತನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಸುತ್ತ ಗಿರಣಿಯ ಭತ್ತದ ಹೊಟ್ಟು ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ಮನೆ ಮುಟ್ಟಿಸಿದೆ. ದೊಡ್ಡ ಗೂಡಿನಲ್ಲಿ ಇಟ್ಟು ಉಸಿರು ಬಿಟ್ಟೆ.

ಮೂರನೆಯ ದಿನ ಮಣ್ಣೆತ್ತಿನ ಅಮಾವಾಸ್ಯೆ, ಮನೆಮನೆಯಲ್ಲಿ ಜೋಡಿ ಮಣ್ಣೆತ್ತಿನ ಪೂಜೆ. ನಾನು ಹಿರೇಕೆರೂರಿಗೆ ಹೋಗಿದ್ದೆ. ಸಂಜೆ ತೊಯ್ದುಕೊಂಡು ಮನೆಗೆ ಬಂದರೆ ಗೂಡು ಖಾಲಿ. ಒಳಗೆ ಓಡಿದೆ. ದೇವರ ಮುಂದೆ, ಮಣೆಯ ಮೇಲೆ, ಕುಂಬಾರ ಕೊಟ್ಟ ಮಣ್ಣಿನ ಎತ್ತಿನ ಪಕ್ಕದಲ್ಲಿ ನನ್ನ ಇಟಲಿಯ ಎತ್ತು ನಿಂತಿತ್ತು. ಕೊರಳಲ್ಲಿ ಹೂವು, ಹಣೆಗೆ ಕುಂಕುಮ, ಮುಂದೆ ಕಡುಬು. ಮೈಗೆಲ್ಲ ಹಸಿ ಅರಿಶಿನ.

"ಅವ್ವಾ, ಇದೇನ ಮಾಡಿದಿ?"

"ಕುಂಬಾರ ಕೊಟ್ಟ ಜೋಡ್ಯಾಗ ಒಂದರ ಕಾಲ ಮುರೀತು ತಮ್ಮಾ. ಒಂಟಿ ಎತ್ತಿಗೆ ಪೂಜಿ ಮಾಡಾಕ ಬರತೈತೇನು? ಗೂಡಿನ್ಯಾಗ ಬಸವಣ್ಣ ಸುಮ್ನ ಕುಂತಿದ್ದ, ಕರಕೊಂಡ ಬಂದೆ."

"ಅದು ನಮ್ಮದಲ್ಲ! ತಿರುಗಿ ಕೊಡೂದು!"

"ಪೂಜಿ ಆದಮ್ಯಾಲೆ ಯಾರದ್ದು ಅಂತ ಕೇಳ್ತಿಯೇನು? ಮೂರು ದಿನ ಅಲ್ಲಾಡಸಬ್ಯಾಡ."

ಅವ್ವ ಒಮ್ಮೆ ಹೇಳಿದರೆ ಮುಗಿಯಿತು. ಖಾಲಾನ ಮುಂದೆ ನಾನು ಹೇಳಿದ ಸುಳ್ಳಿನಲ್ಲಿ ಅಷ್ಟು ಭಾಗ ನಿಜವೇ ಇತ್ತು ಅಂತ ಅವತ್ತು ಗೊತ್ತಾಯಿತು. ಮೂರು ದಿನ ನಾನು ಮಣೆಯ ಸುತ್ತ ಕಾವಲು ನಾಯಿಯಂತೆ ತಿರುಗಿದೆ. ಆ ಮೂರು ದಿನ ಅರಿಶಿನ ಕೂದಲ ಬಿರುಕುಗಳೊಳಗೆ ಇಳಿಯುತ್ತಲೇ ಹೋಯಿತು.

ನಾಲ್ಕನೆಯ ಬೆಳಿಗ್ಗೆ ತೊಳೆದೆ. ಮೇಲಿನದು ಹೋಯಿತು, ಬಿರುಕಿನೊಳಗಿನದು ಹೋಗಲಿಲ್ಲ. ಕೆನೆಯ ಮೈ ತುಂಬ ಹಳದಿ ನರಗಳು ಎದ್ದಿದ್ದವು. ಗಾಬರಿಯಲ್ಲಿ ಬಟ್ಟೆ ಸೋಪು ಹಚ್ಚಿ ತಿಕ್ಕಿದೆ. ನೋಡನೋಡುತ್ತ ನರಗಳೆಲ್ಲ ರಕ್ತದ ಬಣ್ಣಕ್ಕೆ ತಿರುಗಿದವು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ಸೋಪೂ ಹಾಗೆಯೇ ಮಾಡುತ್ತದೆ ಅನ್ನುವುದು ಕೂಸಿಗೂ ಗೊತ್ತು. ನನಗೆ ಆ ಗಳಿಗೆಯಲ್ಲಿ ಮರೆತಿತ್ತು. ಬಾಗಿಲಲ್ಲಿ ನಿಂತ ಅವ್ವ, "ಕೊಯ್ದಿಯೇನು ಅದನ್ನ?" ಅಂದಳು. ನಿಂಬೆಹಣ್ಣು ಹಿಂಡಿದೆ. ಕೆಂಪು ಇಳಿದು ಮತ್ತೆ ಹಳದಿಗೆ ಬಂತು, ಅಲ್ಲಿಂದ ಮುಂದೆ ಜಗ್ಗಲಿಲ್ಲ.

ಇನ್ನು ಉಳಿದದ್ದು ಬಿಸಿಲು. ಅರಿಶಿನದ ಕಲೆ ಬಿಸಿಲಿಗೆ ಹಾರುತ್ತದೆ. ಆದರೆ ಆ ವಾರ ಹಾನಗಲ್ಲಿಗೆ ಬಿಸಿಲು ಬರಲೇ ಇಲ್ಲ. ಸಂತೆ ಬಿಟ್ಟು ಅಂಗಳದಲ್ಲಿ ಕೂತೆ. ಮೋಡ ಸರಿದರೆ ಎತ್ತನ್ನು ಹೊರಗೆ ಹಿಡಿಯುವುದು, ಹನಿ ಬಿದ್ದರೆ ಒಳಗೆ ಓಡುವುದು. ಎರಡು ದಿನದಲ್ಲಿ ಸಿಕ್ಕ ಬಿಸಿಲು ಒಂದು ಚಾ ಕುಡಿಯುವಷ್ಟು ಹೊತ್ತಿನದು. ಊರಿನ ರೈತರೆಲ್ಲ ಮಳೆ ನೋಡಿ ಖುಷಿಯಾಗಿದ್ದರು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಹೊರಡುವ ದಿನ ಅವ್ವ ಅಡ್ಡ ಬಂದಳು. "ಒಯ್ಯಿ. ಆದ್ರ ಬಿಟ್ಟ ಬರಬ್ಯಾಡ. ಪೂಜಿ ಉಂಡ ಎತ್ತು ಮನೀ ಬಿಟ್ಟ ಹೋಗಬಾರದು. ಬಂದ್ರ ಜೋಡೀಲೆ ಬರಲಿ."

ಬಸ್ಸಿನಲ್ಲಿ ಮಾತು ಹೊಸೆಯುತ್ತ ಕೂತೆ. 'ಆವತ್ತ ಹೇಳಿದ್ನಲ್ರಿ, ಹಳದಿಗೆ ತಿರಗೈತಿ ಅಂತ.' ಎಂಟು ದಿನದ ಹಿಂದೆ ನಾನೇ ಬಿತ್ತಿದ ಸುಳ್ಳು, ಕೊಯ್ಯಲು ಬಂದಿತ್ತು. ಖಾಲಾನ ಕಣ್ಣು ಮಂಜು, ಮನೆಯೊಳಗೆ ಬೆಳಕು ಕಡಿಮೆ. ಹೇಳಿದರೆ ನಡೆದೀತು ಅನ್ನಿಸಿತು.

ಖಾಲಾ ಎತ್ತನ್ನು ಒಳಗೆ ಒಯ್ಯಲೇ ಇಲ್ಲ. ಇನ್ನೊಂದನ್ನೇ ಹೊರಗೆ ತಂದು, ಹೊಸ್ತಿಲ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು.

"ಆವತ್ತ... ಹಳದಿ ಅಂತ..." ಅಂದೆ.

ಅವರು ಕೊಂಬಿನ ಬುಡಕ್ಕೆ ಬೆರಳು ಒತ್ತಿ ತೆಗೆದು ನನ್ನ ಮುಂದೆ ಹಿಡಿದರು. ಉಗುರಿನ ತುದಿಯಲ್ಲಿ ಒಂದು ಕಣ ಕುಂಕುಮ.

"ಕಾಮಣಿಗೆ ಕುಂಕುಮಾನೂ ಬರತೈತೇನು ಸಾವಕಾರ?"

ಎಲ್ಲ ಹೇಳಿಬಿಟ್ಟೆ. ಅವ್ವ, ಮುರಿದ ಕಾಲು, ಕಡುಬು, ಸೋಪು, ಮಳೆ. ಖಾಲಾ ಎರಡೂ ಎತ್ತನ್ನು ತಿರುವಿ ತಿರುವಿ ನೋಡಿದರು. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತಿದ್ದರು. ನಾನು ಗಂಟಿನ ಮೇಲೆ ಕೈಯಿಟ್ಟು ಎದ್ದು ಹೋಗಲು ಸಿದ್ಧನಾಗಿದ್ದೆ.

"ಹಂಗಾರ ನಿನಗ ಅವ್ವ ಖರೇನ ಅದಾಳೇನು? ನಾನು ವ್ಯಾಪಾರದ ಅವ್ವ ಅಂತ ತಿಳಕೊಂಡಿದ್ದೆ."

ಎದುರು ಮನೆಯವರು ಸೆರಗು ಬಾಯಿಗೊತ್ತಿ ನಕ್ಕರು. ಖಾಲಾ ನಗಲಿಲ್ಲ. "ನಿಮ್ಮವ್ವ ದ್ಯಾವರು ಮಾಡಿದ್ದನ್ನ ನಾ ದಿನಾ ಗ್ವಾಡಿಗೆ ಮಾರಿ ಮಾಡಿ ಇಡಲ್ಯಾ? ಅಕಿಗೂ ಚಲೋ ಅಲ್ಲ, ನನಗೂ ಅಲ್ಲ. ಎರಡೂ ಒಯ್ಯಿ. ನೂರೈವತ್ತು."

ನಾನು ಅಭ್ಯಾಸದಂತೆ ಬಾಯಿ ತೆರೆದೆ.

"ಮುಚ್ಚು. ಸುಳ್ಳ ಹೇಳಿದವ ನೀನ, ಅದನ್ನ ಖರೇ ಮಾಡಿಕೊಂಡ ಬಂದವನೂ ನೀನ."

ಸಂತೆಗೆಂದು ಇಟ್ಟುಕೊಂಡಿದ್ದ ಹಣ ಎಣಿಸಿಕೊಟ್ಟೆ. ಅವರು ಎತ್ತುಗಳನ್ನು ಸುತ್ತಲು ಹಳೆಯ ಕಂಬಳಿಯ ತುಂಡು ತಂದರು. ಹಡಗಿನಿಂದ ಅವು ಬಂದದ್ದು ಅದರಲ್ಲೇ ಅಂದರು. ಗಂಟು ಕಟ್ಟಿ ಒಂದು ಕ್ಷಣ ಅದರ ಮೇಲೆ ಕೈಯಿಟ್ಟು ಕೂತರು. ಆಮೇಲೆ ನನ್ನ ಪಾತ್ರೆಗಳ ಕಡೆ ನೋಡಿ, "ಅಗಲ ತಾಟು ಅದಾವೇನು? ಬಿಚ್ಚು" ಅಂದರು. ಎದುರು ಮನೆಯವರೂ ದಾಟಿ ಬಂದರು. ನನ್ನ ಓಣಿ ಉಳಿಯಿತು. ತಾಟಿಗೆ ಹದಿನೆಂಟು ಅಂದೆ. ಖಾಲಾ ಹತ್ತು ಅಂದರು. ಹತ್ತಕ್ಕೇ ಕೊಟ್ಟೆ.

ಮುಂದಿನ ಯುಗಾದಿಯ ಹೊತ್ತಿಗೆ, ಮಾಳಿಗೆಯ ಮೇಲಿನ ನಾಲ್ಕು ದಿನದ ಬಿಸಿಲಿಗೆ ಹಳದಿ ಪೂರಾ ಹಾರಿತು. ಎಪ್ಪತ್ತು ರೂಪಾಯಿ ಗಾಳಿಗೆ ಹೋಯಿತು. ಅಮಾವಾಸ್ಯೆ ಬಂದಾಗ ಅವ್ವ ಎರಡಕ್ಕೂ ಮತ್ತೆ ಅರಿಶಿನ ಬಳಿದಳು, ನಾನೇ ಹೂವು ತಂದು ಕೊಟ್ಟೆ.

ನೀವು ಇಂಥ ಪ್ರಾಣಿಗಳನ್ನು ಕೊಳ್ಳುವುದಾದರೆ ಮೊದಲು ಬುಡ ತಿರುವಿ ನೋಡಿ. ಕೈಬರಹ ಇರಬೇಕು, ನೆಲಕ್ಕೆ ತಾಗುವ ಅಂಚಿನಲ್ಲಿ ಹಸಿ ಮಣ್ಣಿನ ಬಣ್ಣ ಕಾಣಬೇಕು. ಉಗುರಿನಿಂದ ಬಡಿಯಿರಿ. ಠಣ್ ಅಂದರೆ ಗಟ್ಟಿ, ಠಪ್ ಅಂದರೆ ಒಳಗೆ ಎಲ್ಲೋ ಒಡೆದಿದೆ. ಕೂದಲ ಬಿರುಕಿಗೆ ಹೆದರಬೇಡಿ, ಆದರೆ ಅದು ಬಾಯಿ ತೆರೆದ ಬಾಯಾರಿಕೆ ಅಂತ ನೆನಪಿಡಿ. ಚಾ, ಎಣ್ಣೆ, ಅರಿಶಿನ ಏನು ಕೊಟ್ಟರೂ ಕುಡಿಯುತ್ತದೆ. ಕಲೆಯಾದರೆ ಸೋಪು ಮುಟ್ಟಿಸದೆ ಬಿಸಿಲಿಗೆ ಇಡಿ, ಮಳೆಗಾಲವಾದರೆ ಕಾಯಿರಿ. ಗೂಡಿಗೆ ಒಂದೇ ಪ್ರಾಣಿ ಸಾಕು, ಜೋಡಿಯಿದ್ದರೆ ಜೋಡಿ, ಮೂರನೆಯದು ಬೇಡ. ಬುಡಕ್ಕೆ ಮಡಿಸಿದ ಬಟ್ಟೆ ಇರಲಿ. ಇಲ್ಲದ ದೋಷ ಹೇಳಿ ಬೆಲೆ ಇಳಿಸಬೇಡಿ, ಇದ್ದದ್ದೇ ಬೇಕಾದಷ್ಟು ಇರುತ್ತದೆ. ಇನ್ನು, 'ಅವ್ವನ್ನ ಕೇಳಿ ಹೇಳ್ತೇನಿ' ಅನ್ನುವ ಮೊದಲು ಮನೆಗೆ ಹೋಗಿ ಅವ್ವನನ್ನು ಒಂದು ಮಾತು ಕೇಳಿ.