ಅಪ್ರದಕ್ಷಿಣೆಯ ತಿರುಮಲೇಶ

ಜಯನಗರ ಏಳನೇ ಬ್ಲಾಕಿನ ಆ ಪಾರ್ಕಿನಲ್ಲಿ ಎಲ್ಲರೂ ಬಲಕ್ಕೆ ಸುತ್ತುತ್ತಾರೆ. ಗೇಟಿನ ಬೋರ್ಡು ಹಾಗೆ ಹೇಳುತ್ತದೆ. ನಡುವೆ ಅಶ್ವತ್ಥಕಟ್ಟೆ, ನಾಗರಕಲ್ಲುಗಳು ಇರುವುದರಿಂದ ಬೋರ್ಡು ಇಲ್ಲದಿದ್ದರೂ ಹಾಗೆಯೇ ಸುತ್ತುತ್ತಿದ್ದರು. ತಿರುಮಲೇಶ ಮಾತ್ರ ಐದು ವರ್ಷದಿಂದ ಎಡಕ್ಕೆ ಸುತ್ತುತ್ತಿದ್ದ.

ಜತೆಯಲ್ಲಿ ನಡೆಯುವವರು ಮಾತಾಡುತ್ತಾರೆ, ಎದುರಿಗೆ ಬರುವವರು ದಾಟಿ ಹೋಗುತ್ತಾರೆ ಎಂಬುದು ಅವನ ಲೆಕ್ಕ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಅಂಗಡಿಗಳ ತಕ್ಕಡಿ ನೋಡಿದವನು. ಅವನ ಸ್ಕೂಟರಿನ ಸದ್ದು ಕೇಳಿದರೆ ಕೆಲವು ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿಯುತ್ತಿತ್ತು. ಯಾರ ಕೈಯಿಂದಲೂ ಒಂದು ಲೋಟ ನೀರು ಮುಟ್ಟಿದವನಲ್ಲ. ಹೆಣ್ಣು ನೋಡಲು ಹೋದಾಗಲೂ ಅದೇ ಕಣ್ಣು. ಮೂವರನ್ನು ಅವನು ಬೇಡವೆಂದ, ಇಬ್ಬರು ಅವನನ್ನು ಬೇಡವೆಂದರು, ಅಲ್ಲಿಗೆ ಮನೆಯವರಿಗೆ ಸಾಕಾಯಿತು. ಈಗ ಅರವತ್ತೈದು. ತ್ಯಾಗರಾಜನಗರದಲ್ಲಿ ಎರಡು ಕೋಣೆಯ ಮನೆ, ಒಬ್ಬನ ಅಡುಗೆ, ಸಕ್ಕರೆ ಕಾಯಿಲೆ. ಬೆಳಗ್ಗೆ ಏಳುವಾಗಲೇ ಸುಸ್ತು. ಅದು ಮೈಯ ಸುಸ್ತಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗಾದರೆ ಯಾವುದರದ್ದು ಎಂದು ಅವನು ಕೇಳಲಿಲ್ಲ.

ಪಾರ್ಕಿನ ಹೆಂಗಸರ ಗುಂಪಿಗೆ ಮುಂದಾಳಾದ ವಿಮಲಾ ಒಮ್ಮೆ ತಡೆದು ನಿಲ್ಲಿಸಿದ್ದಳು. "ರೀ ಸಾರ್, ಅಪ್ರದಕ್ಷಿಣೆ ಹಾಕೋದು ಸ್ಮಶಾನದಲ್ಲಿ ಮಾತ್ರ."

"ಎಲ್ಲರೂ ಆ ಕಡೆಗೇ ತಾನೆ ಹೋಗ್ತಿರೋದು," ಎಂದು ಹೇಳಿ ಅವನು ಮುಂದೆ ನಡೆದಿದ್ದ.

ಆದರೆ ಅಳತೆಯಲ್ಲೇ ಆಯುಷ್ಯ ಕಳೆದವನಿಗೆ ಒಂದು ಸಣ್ಣ ಅಳತೆ ತಪ್ಪಿತ್ತು. ಜನರ ಜತೆ ಒಂದೇ ದಿಕ್ಕಿಗೆ ನಡೆದಿದ್ದರೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಎದುರು ನಡೆದದ್ದರಿಂದ ಪ್ರತಿಯೊಬ್ಬರ ಮುಖವನ್ನೂ ಒಂದು ಸುತ್ತಿಗೆ ಎರಡು ಸಲ ನೋಡಬೇಕಾಗಿತ್ತು. ಐದು ಸುತ್ತಿಗೆ ಹತ್ತು ಸಲ.

ಯುಗಾದಿ ಕಳೆದ ಮೇಲೆ ಆ ಮುಖಗಳಲ್ಲಿ ಒಂದು ಮಾತಾಡಿತು. ಕಾತ್ಯಾಯಿನಿ, ಕಾಲೇಜೊಂದರ ಲೈಬ್ರರಿಯಿಂದ ನಿವೃತ್ತಳಾದ ವಿಧವೆ, ಯಾವಾಗಲೂ ಕಾಫಿಪುಡಿ ಬಣ್ಣದ ಶಾಲು ಹೊದೆಯುವವಳು.

"ದಿನಾ ಹತ್ತು ಸಲ ಎದುರು ಬರ್ತೀರ. ಒಂದ್ಸಲ ನಮಸ್ಕಾರ ಅಂದ್ರೆ ನಾಲಿಗೆ ಸವೆದು ಹೋಗುತ್ತಾ?" ಎನ್ನುತ್ತಾ ದಾಟಿದಳು.

ಮುಂದಿನ ಸಲ ಎದುರಾದಾಗ ಅವನು, "ನಮಸ್ಕಾರ," ಎಂದ.

"ಸದ್ಯ, ಬಾಯಿ ಇದೆ."

ಅಂದಿನಿಂದ ಅವರ ಮಾತುಕತೆ ಅರ್ಧ ಸುತ್ತಿಗೊಂದು ಮಾತಿನಂತೆ ನಡೆಯಿತು. ಒಂದು ಸಲ ದಾಟುವಾಗ ಆಕೆ, "ಏನು ತಿಂಡಿ?" ಎಂದರೆ ಇನ್ನೊಂದು ಸಲ ದಾಟುವಾಗ ಅವನು, "ಉಪ್ಪಿಟ್ಟು." ಮತ್ತೆ ಆಕೆ, "ನಿನ್ನೇನೂ ಅದೇ." ಮತ್ತೆ ಅವನು, "ನಾಳೇನೂ ಅದೇ." ಉತ್ತರ ಜೋಡಿಸಿಕೊಳ್ಳಲು ಅರ್ಧ ಸುತ್ತು ಸಿಗುತ್ತಿತ್ತು. ಅದು ಅವನಿಗೆ ಅನುಕೂಲವೇ ಆಗಿತ್ತು. ಮಳೆಗಾಲದಲ್ಲೂ ಅವನು ಒಂದು ದಿನವೂ ತಪ್ಪಿಸಲಿಲ್ಲ.

ಏಳು ತಿಂಗಳಾದ ಮೇಲೆ, ಒಂದು ಬುಧವಾರ ಆಕೆ ಹೇಳಿದಳು. "ಓನರ್ ಮನೆ ಕೆಡವ್ತಾರಂತೆ. ಅರೆಕೆರೇಲಿ ತಂಗಿ ಮನೆಗೆ ಹೋಗ್ತಿದೀನಿ. ಭಾನುವಾರ."

ಅವನು ಅರ್ಧ ಸುತ್ತು ನಡೆದು ಬಂದ. "ಅಲ್ಲಿ ಟ್ಯಾಂಕರ್ ನೀರು ತರಿಸೋದಾದ್ರೆ ಅಳತೆ ನೋಡ್ಕೊಳ್ಳಿ," ಎಂದ.

ಮುಂದಿನ ಸಲ ಆಕೆ, "ಅಷ್ಟೇನಾ?" ಎಂದಳು.

ಅದರ ಮುಂದಿನ ಸಲ ಅವನ ಬಾಯಿಂದ ಬಂದದ್ದು, "ಅಷ್ಟೇ."

ಗುರುವಾರ, ಶುಕ್ರವಾರ ಆಕೆ ಬರೀ ತಲೆಯಾಡಿಸಿ ದಾಟಿದಳು. ಅವನು ಎರಡು ದಿನ ಕೂತು ಹೇಳಬೇಕಾದದ್ದನ್ನು ಕಟ್ಟಿದ. ಎಷ್ಟು ಕುಗ್ಗಿಸಿದರೂ ಅದು ದಾಟುವ ಎರಡು ಹೆಜ್ಜೆಯಲ್ಲಿ ಮುಗಿಯುವಂತಿರಲಿಲ್ಲ. ಜತೆಯಲ್ಲೇ ನಡೆದು ಹೇಳಬೇಕು. ಶನಿವಾರವೊಂದೇ ಉಳಿದಿತ್ತು.

ಶನಿವಾರ ಗೇಟಿನೊಳಗೆ ಬಂದವನು ಬಲಸುತ್ತಿಗೆ ತಿರುಗಿದ. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿ ನೋಡಿದರು. ಎದುರಿಗೆ ಸಾಲಾಗಿ ಬೆನ್ನುಗಳು. ಅವನಿಗೆ ಪಾರ್ಕಿನ ಎಲ್ಲರ ಮುಖ ಗೊತ್ತಿತ್ತು, ಒಬ್ಬರ ಬೆನ್ನೂ ಗೊತ್ತಿರಲಿಲ್ಲ. ದೂರದಲ್ಲಿ ಕಾಫಿಪುಡಿ ಬಣ್ಣದ ಶಾಲು ಕಂಡಿತು. ಏದುಸಿರು ಬಿಡುತ್ತಾ ಹೋಗಿ ಅದರ ಹಿಂದೆ ಸೇರಿಕೊಂಡ. ಮುಖ ನೋಡಿದರೆ ಮಾತು ಮರೆತೀತೆಂದು ಹಿಂದಿನಿಂದಲೇ ಹೇಳಿಬಿಟ್ಟ.

"ನೋಡಿ, ರಿಟೈರ್ ಆದ್ಮೇಲೆ ಬೆಳಗಾಗ್ಲಿ ಅಂತ ನನಗೆ ಅನ್ಸಿದ್ದು ಈ ಏಳು ತಿಂಗಳು ಮಾತ್ರ. ಅರೆಕೆರೆಗೆ ಬಸ್ ಇದೆ. ವಾರಕ್ಕೆ ಎರಡು ದಿನ ಬರ್ಲಾ?"

ಶಾಲು ತಿರುಗಿತು. ವಿಮಲಾ.

"ಬನ್ನಿ ಸಾರ್," ಎಂದಳು ಆಕೆ ನಿಧಾನವಾಗಿ. "ಆದ್ರೆ ನಾನಿರೋದು ಇಲ್ಲೇ ಮೂರನೇ ಕ್ರಾಸಲ್ಲಿ. ನಮ್ಮ ಯಜಮಾನ್ರನ್ನ ಒಂದು ಮಾತು ಕೇಳ್ಬೇಕು."

ಹೆಂಗಸರ ಗುಂಪು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿಯಿತು. ತಿರುಮಲೇಶ ಓಡಿಹೋಗಲೆಂದು ಹಳೆಯ ಅಭ್ಯಾಸದಂತೆ ಎಡಸುತ್ತಿಗೆ ಹೊರಳಿದ. ನಾಲ್ಕು ಹೆಜ್ಜೆ ಹಿಂದೆ, ಬರೀ ಸ್ವೆಟರಿನಲ್ಲಿ ಕಾತ್ಯಾಯಿನಿ ನಿಂತಿದ್ದಳು.

"ಶಾಲು ನನ್ನದೇ. ಹೋಗೋಕೆ ಮುಂಚೆ ನೆನಪಿಗಿರ್ಲಿ ಅಂತ ವಿಮಲಾಗೆ ಕೊಟ್ಟೆ," ಎಂದಳು.

ಅವನು ಬಾಯಿ ತೆರೆದ. ಎರಡು ದಿನ ಕಟ್ಟಿದ್ದು ಖರ್ಚಾಗಿಹೋಗಿತ್ತು.

"ಇನ್ನೊಂದ್ಸಲ ಹೇಳ್ಬೇಕಾಗಿಲ್ಲ. ಕೇಳಿಸ್ತು. ಇಡೀ ಪಾರ್ಕಿಗೇ ಕೇಳಿಸ್ತು." ಆಕೆ ನಡೆಯತೊಡಗಿದಳು. "ತಂಗಿ ಮನೆ ಹತ್ರ ಕೆರೆ ಇದೆ. ಬುಧವಾರ ಬನ್ನಿ."

ಅವನು ಮತ್ತೆ ಬಲಸುತ್ತಿಗೆ ತಿರುಗಿ ಆಕೆಯ ಪಕ್ಕಕ್ಕೆ ಬಂದ. "ಅಲ್ಲಿ ಯಾವ ಕಡೆಗೆ ಸುತ್ತೋದು?"

"ನೀವು ಬರೋಷ್ಟರಲ್ಲಿ ನೋಡಿಟ್ಟಿರ್ತೀನಿ."

ಇಬ್ಬರೂ ಅರ್ಧ ಸುತ್ತು ಜತೆಯಲ್ಲಿ ನಡೆದರು. ಆಕೆಯ ಎಡಮಂಡಿ ಹೆಜ್ಜೆ ಹೆಜ್ಜೆಗೂ ತುಸು ಕುಸಿಯುತ್ತಿತ್ತು. ಏಳು ತಿಂಗಳು ಎದುರಿನಿಂದ ನೋಡಿದವನಿಗೆ ಅದು ಕಂಡಿರಲಿಲ್ಲ. ಅವನು ತನ್ನ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡ.