ಡ್ರೈವಿಂಗ್ ಮೇಷ್ಟ್ರ ಎಡಗೈ

ಕಿಟಕಿಯಾಚೆ ಚಾಚಿದ ಎಡಗೈಯಿಂದ ಅವರು ಕಾರಿನ ಬಾಗಿಲನ್ನು ಸದಾ ಬಡಿಯುತ್ತಿದ್ದರು. ಗಂಟುಗಂಟಾದ ಆ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಯಲಹಂಕದಲ್ಲಿ ನನಗೆ ಕಾರು ಕಲಿಸಿದ ಮೇಷ್ಟ್ರು ಅವರು. ಎಪ್ಪತ್ತು ದಾಟಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮೈ ಪರಚಿಕೊಳ್ಳುವಂತೆ ಚಡಪಡಿಸುವರು. "ಯೋಚ್ನೆ ಮಾಡ್ತಾ ಕೂತ್ರೆ ಹಿಂದಿನೋನು ಹಾರ್ನ್ ಹೊಡೀತಾನೆ, ಹೋಗಿ ಮೇಡಂ" ಎನ್ನುವುದು ದಿನದ ಮಾತು. ನಲವತ್ತು ದಾಟಿದ ನಾನು ಶಾಲೆಯ ಹುಡುಗಿಯಂತೆ ಅವರು ಹೇಳಿದ್ದನ್ನೆಲ್ಲ ಕೇಳುತ್ತಿದ್ದೆ.

ಒಂದು ಬೆಳಿಗ್ಗೆ ರಾಜಾನುಕುಂಟೆಯಿಂದ ಮರಳುವಾಗ ಬಾಗಿಲಿನ ಸದ್ದು ನಿಂತಿತು. ನೋಡಿದರೆ ಕೈ ಜೋತುಬಿದ್ದಿದೆ, ಬಾಯಿ ಸೊಟ್ಟಗಾಗಿದೆ. ಏನೋ ಹೇಳಿದರು, ಅರ್ಥವಾಗಲಿಲ್ಲ. ಗಾಡಿ ನಿಲ್ಲಿಸಿ ಆ ಕೈಯನ್ನು ಒಳಗೆಳೆದು ಅವರ ಮಡಿಲಲ್ಲಿಟ್ಟೆ. ಹೆಬ್ಬಾಳದ ಆಸ್ಪತ್ರೆಯತ್ತ ಹೊರಟೆ. ಫ್ಲೈಓವರ್ ಹತ್ತುವಷ್ಟರಲ್ಲಿ ಕೈ ಆಡತೊಡಗಿತು, ಮಾತೂ ಬಂತು.

"ಏನೂ ಆಗಿಲ್ಲ ಕಣ್ರೀ, ವಾಪಸ್ ತಿರುಗ್ಸಿ. ಇನ್ನೊಬ್ರಿಗೆ ಕ್ಲಾಸಿದೆ."

ನಾನು ತಿರುಗಿಸಲಿಲ್ಲ.

ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಬಲನಾಳ ಕೊಬ್ಬು ಕಟ್ಟಿ ತೀರ ಕಿರಿದಾಗಿತ್ತು. ಮುಂದಿನ ಸಲ ಹೀಗಾದರೆ ಕೈ ಮರಳಲಿಕ್ಕಿಲ್ಲ ಎಂದರು ಡಾಕ್ಟರು. ತೊಡೆಯಿಂದ ತಂತಿ ತೂರಿಸಿ, ನಾಳ ಹಿಗ್ಗಿಸುವ ಸ್ಟೆಂಟ್ ಇಡಬಹುದು. ಗಾಯ ಚಿಕ್ಕದು, ಆದರೆ ಈ ವಯಸ್ಸಿನಲ್ಲಿ ಕೊಬ್ಬಿನ ಚೂರು ಕಿತ್ತು ಮಿದುಳಿಗೆ ಹೋಗುವ ಭಯ ಹೆಚ್ಚು. ಇಲ್ಲವೇ ಕತ್ತು ಕೊಯ್ದು ಕೊಬ್ಬು ತೆಗೆಯಬಹುದು. ಅದರಲ್ಲಿ ಹೃದಯಕ್ಕೆ ಶ್ರಮ, ದನಿಯೂ ಕೆಡಬಹುದು.

ಮೇಷ್ಟ್ರು ಬೆಳಿಗ್ಗೆ ಸ್ಟೆಂಟ್ ಎನ್ನುವರು, ಸಂಜೆಗೆ ಆಪರೇಷನ್. ಡ್ರಿಪ್ಪಿನ ಕಂಬ ತಳ್ಳಿಕೊಂಡು ವಾರ್ಡೆಲ್ಲ ಓಡಾಡಿ ಆಯಾಗಳನ್ನೂ ಕೇಳಿದರು. ನನ್ನನ್ನೂ ಕೇಳಿದರು. ಕೊನೆಗೆ ಅವರ ಹೆಂಡತಿ ರೇಗಿದರು: "ದನಿ ಹೋದ್ರೆ ಕೈಸನ್ನೆ ಮಾಡಿ. ಕೈನೇ ಹೋದ್ರೆ ಏನ್ ಮಾಡ್ತೀರಿ?"

ಮೇಷ್ಟ್ರು ಕತ್ತು ಕೊಯ್ಯಿಸಿಕೊಳ್ಳಲು ಒಪ್ಪಿದರು. ಅರಿವಳಿಕೆ ಕತ್ತಿಗಷ್ಟೇ, ಅವರು ಎಚ್ಚರವಾಗಿಯೇ ಇದ್ದರು.

"ಎಡಗೈಗೆ ಮಕ್ಕಳ ರಬ್ಬರ್ ಬಾತುಕೋಳಿ ಕೊಟ್ಟಿದ್ರು ಕಣ್ರೀ," ಎಂದು ಆಮೇಲೆ ಗೊಗ್ಗರು ದನಿಯಲ್ಲಿ ಹೇಳಿದರು. "ಮಿದುಳಿಗೆ ರಕ್ತ ಹೋಗ್ತಿದೆಯಾ ನೋಡಕ್ಕೆ. ಒತ್ತಿ ಅಂದಾಗೆಲ್ಲ ಕುಂಯ್ ಅನ್ನಿಸ್ಬೇಕು. ರಕ್ತ ನಿಲ್ಸಕ್ಕೆ ನಾಳ ಬಿಗಿ ಹಿಡಿದ್ರು ನೋಡಿ, ಒತ್ತಕ್ಕೇ ಆಗ್ಲಿಲ್ಲ. ಮುಗೀತು ಅಂದ್ಕೊಂಡೆ. ಬೇಗ ಒಂದು ಕೊಳವೆ ಹಾಕಿ ರಕ್ತ ಬಿಟ್ರು. ಬಾತುಕೋಳಿ ಕೂಗ್ತು. ಅತ್ಬಿಟ್ಟೆ."

ದನಿ ಪೂರ್ತಿ ಸರಿಹೋಗಲಿಲ್ಲ. ಆ ಗೊಗ್ಗರು ದನಿಯಲ್ಲೇ ಗದರಿಸಿ, ನನ್ನನ್ನು ಏರ್‌ಪೋರ್ಟ್ ರಸ್ತೆಯಲ್ಲಿ ಒಬ್ಬಳೇ ಓಡಿಸುವಷ್ಟು ಗಟ್ಟಿ ಮಾಡಿದರು.

ಹೋದ ಬೇಸಿಗೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಆಂಬುಲೆನ್ಸಲ್ಲಿ ಎಡಗೈಲೇ ನನ್ ಕೈ ಹಿಡ್ಕೊಂಡಿದ್ರು," ಎಂದರು. "ಏನ್ ಬಿಗಿ ಅಂತೀರಾ! ಬಳೆ ಒಡೆದೋಯ್ತು."